ಹಳೆಯ ಗ್ಯಾಲಕ್ಸಿ ವಿಲೀನವನ್ನು ಸಿಮ್ಯುಲೇಟ್ ಮಾಡಲು ಗ್ಯಾಜೆಟ್ ಒಳ್ಳೆಯದಾ, ಅರೆಪೋನಾ? ಎಷ್ಟು ಕೋರ್ ಬೇಕು?

ಗ್ಯಾಜೆಟ್, ಅರೆಪೋ ಎರಡೂ ಗ್ಯಾಲಕ್ಸಿ ಸಿಮ್ಯುಲೇಷನ್ ಓಡಿಸುವ ಪ್ರೋಗ್ರಾಂಗಳು, ಕೋರ್ ಅಂದರೆ ಅದನ್ನು ಓಡಿಸುವ ಪ್ರೊಸೆಸರ್. ಎರಡೂ ಬೇಡ, ಮೊದಲೇ ಓಡಿಸಿಟ್ಟ ಸಿಮ್ಯುಲೇಷನ್ ಬಳಸಿ. ಎಂ.ಎಸ್ಸಿ ಪ್ರಾಜೆಕ್ಟ್, ಒಂಬತ್ತು ತಿಂಗಳು ಟೈಮ್ ಇದೆ ಅಂದಿದ್ದೀರಿ. ಪಿಎಚ್‌ಡಿ ಶುರುವಿನಲ್ಲಿ ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಓಡಾಡಿದ್ದೆ. ಕೊನೆಗೆ ನನಗೆ ಪೆಟ್ಟು ಬಿದ್ದದ್ದು ಬೇರೆ ಕಡೆ.

2018ರ ಏಪ್ರಿಲ್‌ನಲ್ಲಿ ನಕ್ಷತ್ರಗಳ ಸ್ಥಾನ, ಚಲನೆ ಅಳೆದ ಗಾಯಾ ಉಪಗ್ರಹದ ಎರಡನೇ ಕಂತಿನ ಮಾಹಿತಿ ಬಂತಲ್ವಾ, ಅದರಲ್ಲಿ ಕ್ಷೀರಪಥ ಸುಮಾರು 1000 ಕೋಟಿ ವರ್ಷದ ಹಿಂದೆ ನುಂಗಿದ ಒಂದು ಗ್ಯಾಲಕ್ಸಿಯ ಗುರುತು ಸಿಕ್ಕಿತು. ಗಾಯಾ-ಸಾಸೇಜ್-ಎನ್ಸೆಲಾಡಸ್ ಅಂತಾರೆ. ಅದರ ನಕ್ಷತ್ರಗಳು ಇವತ್ತಿಗೂ ಕೇಂದ್ರದ ಹತ್ತಿರಕ್ಕೆ ನುಗ್ಗಿ, ಮತ್ತೆ ದೂರಕ್ಕೆ ಚಿಮ್ಮುವ ಉದ್ದುದ್ದ ಕಕ್ಷೆಗಳಲ್ಲಿವೆ. ಇಂಥದೇ ಒಂದು ವಿಲೀನವನ್ನು ಟಿಎನ್‌ಜಿ50 ಸಿಮ್ಯುಲೇಷನ್‌ನಲ್ಲಿ ಹುಡುಕಿ, ಅದು ಹೇಲೋವನ್ನು, ಅಂದರೆ ಗ್ಯಾಲಕ್ಸಿಯ ಸುತ್ತ ದೂರದವರೆಗೆ ಚದುರಿದ ನಕ್ಷತ್ರಗಳ ಗುಂಪನ್ನು, ಹೇಗೆ ಕಟ್ಟಿತು ಅಂತ ನೋಡುವುದು ನನ್ನ ಕೆಲಸ.

ಟಿಎನ್‌ಜಿ50ರಲ್ಲಿ 100 ಸ್ನ್ಯಾಪ್‌ಶಾಟ್ ಇವೆ, ಅಂದರೆ ಬೇರೆಬೇರೆ ಕಾಲದಲ್ಲಿ ಉಳಿಸಿಟ್ಟ ಸ್ಥಿತಿಗಳು. ಪ್ರತಿಯೊಂದರಲ್ಲೂ ಸಬ್‌ಫೈಂಡ್ ಎಂಬ ಪ್ರೋಗ್ರಾಂ ಯಾವ ನಕ್ಷತ್ರ ಯಾವ ಗ್ಯಾಲಕ್ಸಿಗೆ ಸೇರಿದ್ದು ಅಂತ ಪಟ್ಟಿ ಮಾಡಿರುತ್ತದೆ. ಆ ಪಟ್ಟಿಗಳನ್ನು ಹೆಣೆದರೆ ಗ್ಯಾಲಕ್ಸಿಯ ವಂಶವೃಕ್ಷ. ನಾನು ಮಾಡಿದ್ದು ಇಷ್ಟು: ಚಿಕ್ಕ ಗ್ಯಾಲಕ್ಸಿಯ ಹೆಸರು ವಂಶವೃಕ್ಷದಲ್ಲಿ ಕೊನೆಯದಾಗಿ ಎಲ್ಲಿ ಕಾಣುತ್ತದೋ ಆ ಸ್ನ್ಯಾಪ್‌ಶಾಟ್ ತೆಗೆದುಕೊಂಡೆ. ಅಲ್ಲಿ ಅದರ ತೂಕ ಅಳೆದೆ. ಅಲ್ಲಿ ಅದರ ಪಟ್ಟಿಯಲ್ಲಿದ್ದ ನಕ್ಷತ್ರಗಳಷ್ಟೇ ಹೊರಗಿನಿಂದ ಬಂದವು, ಮಿಕ್ಕದ್ದೆಲ್ಲ ದೊಡ್ಡ ಗ್ಯಾಲಕ್ಸಿಯಲ್ಲೇ ಹುಟ್ಟಿದ್ದು ಅಂತ ಗುರುತು ಹಾಕಿದೆ.

ತಪ್ಪು ಎಲ್ಲಿ ಗೊತ್ತಾ? ಚಿಕ್ಕ ಗ್ಯಾಲಕ್ಸಿ ಒಂದೇ ಏಟಿಗೆ ಕರಗುವುದಿಲ್ಲ. ಹತ್ತಿರ ಬರುತ್ತಿದ್ದ ಹಾಗೆ ಹೊರಗಿನ ನಕ್ಷತ್ರಗಳು ಮೊದಲು ಕಿತ್ತುಹೋಗುತ್ತವೆ, ತಿರುಳು ಕೊನೆಗೆ. ಜೊತೆಗೆ ದೊಡ್ಡ ಗ್ಯಾಲಕ್ಸಿಯ ನಡುಭಾಗಕ್ಕೆ ಬಂದಾಗ ಸುತ್ತಲ ದಟ್ಟಣೆಯಲ್ಲಿ ಸಬ್‌ಫೈಂಡ್‌ಗೆ ಅದರ ತಿರುಳು ಮಾತ್ರ ಕಾಣುತ್ತದೆ. ಇದ್ದದ್ದಕ್ಕಿಂತ ಕಡಿಮೆ ತೂಕ ಬರೆಯುತ್ತದೆ. ಮುಳುಗಡೆ ಊರಿಗೆ ಕೊನೇ ದಿನ ಹೋಗಿ, ಉಳಿದಿದ್ದ ನಾಲ್ಕು ಮನೆ ಎಣಿಸಿ, ಇದು ನಾಲ್ಕೇ ಮನೆಯ ಊರು ಅಂತ ಬರೆದುಕೊಂಡು ಬಂದ ಹಾಗೆ. ನನ್ನ ಲೆಕ್ಕದಲ್ಲಿ ವಿಲೀನದ ಅನುಪಾತ, ಅಂದರೆ ಚಿಕ್ಕದರ ಮತ್ತು ದೊಡ್ಡದರ ತೂಕದ ಅನುಪಾತ, 1:40 ಬಂತು. ನಿಜವಾಗಿ ಅದು 1:4ರ ಹತ್ತಿರ ಇತ್ತು. ಹೇಲೋ ಕಟ್ಟಿದ್ದು ಒಂದು ದೊಡ್ಡ ವಿಲೀನ ಅಲ್ಲ, ಸಣ್ಣಸಣ್ಣ ಚೂರುಗಳು ಅಂತ ಎಂಟು ತಿಂಗಳು ನಂಬಿದ್ದೆ. ಅಧ್ಯಾಯವನ್ನೂ ಬರೆದಿದ್ದೆ.

ಒಂದು ರಾತ್ರಿ ಗ್ರಾಫ್ ನೋಡುತ್ತಿದ್ದೆ. ಕೇಂದ್ರದಿಂದ 60 ಕಿಲೋಪಾರ್ಸೆಕ್, ಅಂದರೆ ಸುಮಾರು 2 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿ 'ಇಲ್ಲೇ ಹುಟ್ಟಿದ' ನಕ್ಷತ್ರಗಳು ರಾಶಿ ಬಿದ್ದಿದ್ದವು. ಅಷ್ಟು ದೂರದಲ್ಲಿ ನಕ್ಷತ್ರ ಹುಟ್ಟಲು ದಟ್ಟ ಅನಿಲ ಎಲ್ಲಿಂದ ಬರಬೇಕು? ಅದರಲ್ಲಿ ಒಂದರ ಐಡಿ ಹಿಡಿದು ಒಂದೊಂದೇ ಸ್ನ್ಯಾಪ್‌ಶಾಟ್ ಹಿಂದಕ್ಕೆ ಹೋದೆ. 40ರಲ್ಲಿ ದೊಡ್ಡ ಗ್ಯಾಲಕ್ಸಿಯ ಪಟ್ಟಿಯಲ್ಲಿತ್ತು. 36ರಲ್ಲೂ ಅಲ್ಲೇ. 33ರಲ್ಲಿ, ಅಂದರೆ ಸುಮಾರು 1000 ಕೋಟಿ ವರ್ಷದ ಹಿಂದೆ (ರೆಡ್‌ಶಿಫ್ಟ್ 2), ಚಿಕ್ಕ ಗ್ಯಾಲಕ್ಸಿಯ ಅಂಚಿನಲ್ಲಿ ಕೂತಿತ್ತು. ಎದೆ ಧಸಕ್ಕೆಂದಿತು. ಮೊದಲು ಕಿತ್ತುಹೋದವೇ ಹೇಲೋದ ಹೊರಭಾಗ ತುಂಬುತ್ತವೆ. ಅವನ್ನೇ ನಾನು ಪೂರ್ತಿ ಕೈಬಿಟ್ಟಿದ್ದೆ.

ಹಾಗಾಗಿ ತೂಕವನ್ನು ಆ ಚಿಕ್ಕ ಗ್ಯಾಲಕ್ಸಿ ಅತಿ ಭಾರವಾಗಿದ್ದ ಸ್ನ್ಯಾಪ್‌ಶಾಟ್‌ನಲ್ಲಿ ಅಳೆಯಿರಿ. ದೊಡ್ಡದರ ತೂಕವೂ ಅದೇ ಸ್ನ್ಯಾಪ್‌ಶಾಟ್‌ನದ್ದೇ ಇರಲಿ. ನಕ್ಷತ್ರದ ಮೂಲವನ್ನು ಅದು ಹುಟ್ಟಿದ ಗ್ಯಾಲಕ್ಸಿಯಿಂದಲೇ ಗುರುತಿಸಿ, ಆಮೇಲೆ ಯಾರ ಪಟ್ಟಿಗೆ ಸೇರಿತು ಅನ್ನುವುದರಿಂದ ಬೇಡ.

ಇನ್ನು ಕೋರ್ ಲೆಕ್ಕ. ಟಿಎನ್‌ಜಿ50 ಓಡಿಸಲು ಸ್ಟುಟ್‌ಗಾರ್ಟ್‌ನ ಹೇಜಲ್ ಹೆನ್ ಸೂಪರ್‌ಕಂಪ್ಯೂಟರ್‌ನಲ್ಲಿ ಸುಮಾರು 16,000 ಕೋರ್ ಒಂದು ವರ್ಷಕ್ಕೂ ಜಾಸ್ತಿ ದುಡಿದಿವೆ. ಅಷ್ಟಾದರೂ ಅದರ ಒಂದು 'ನಕ್ಷತ್ರ' ಅಂದರೆ ಸುಮಾರು 85,000 ಸೂರ್ಯರ ತೂಕದ ಒಂದು ಕಣ. ಎರಡೇ ಗ್ಯಾಲಕ್ಸಿ ಇಟ್ಟು ಡಿಕ್ಕಿ ಹೊಡೆಸುವ ಸಣ್ಣ ರನ್ ನಿಮ್ಮ ಕೈಲೂ ಆಗುತ್ತದೆ, ನಿಜ. ಆದರೆ ಈ ವಿಲೀನದ ಗುರುತು ಹಿಡಿದ ಖಗೋಳಶಾಸ್ತ್ರಜ್ಞೆ ಅಮಿನಾ ಹೆಲ್ಮಿ ಅವರ ತಂಡ 2018ರಲ್ಲಿ ಗಾಯಾ ಮಾಹಿತಿಯನ್ನು ಹೋಲಿಸಿದ್ದು ಹತ್ತು ವರ್ಷ ಹಳೆಯ, ಮೊದಲೇ ಸಿದ್ಧವಿದ್ದ ಅಂಥ ಒಂದು ರನ್‌ಗೆ. ಅವರೇ ಹಳೆಯದನ್ನು ಬಳಸಿದಾಗ ನೀವು ಯಾಕೆ ಸುಮ್ನೆ ಹೊಸದು ಓಡಿಸಬೇಕು? ಟಿಎನ್‌ಜಿ50 ಎಲ್ಲರಿಗೂ ಉಚಿತ. ಖಾತೆ ತೆರೆದರೆ ಬ್ರೌಸರ್‌ನಲ್ಲೇ ಕೋಡ್ ಬರೆದು ಓಡಿಸುವ ಜುಪಿಟರ್ ನೋಟ್‌ಬುಕ್ ಸಿಗುತ್ತದೆ. ಕ್ಷೀರಪಥದಂಥ ಗ್ಯಾಲಕ್ಸಿಗಳ ಇನ್ನೊಂದು ಸಿಮ್ಯುಲೇಷನ್ ಆರಿಗಾದ 30 ಗ್ಯಾಲಕ್ಸಿಗಳೂ ಈಗ ಮುಕ್ತವಾಗಿವೆ. ಒಂದು ಎಚ್ಚರ: ಟಿಎನ್‌ಜಿಯ ನಕ್ಷತ್ರಗಳ ಫೈಲಿನಲ್ಲಿ ಹುಟ್ಟಿದ ಸಮಯ ಸೊನ್ನೆ ಅಥವಾ ಅದಕ್ಕಿಂತ ಕೆಳಗಿದ್ದರೆ ಅದು ನಕ್ಷತ್ರವಲ್ಲ, ಗ್ಯಾಲಕ್ಸಿಯಿಂದ ಹೊರಕ್ಕೆ ಚಿಮ್ಮುವ ಅನಿಲದ 'ಗಾಳಿ'ಯ ಕಣ. ಮೊದಲು ಅವನ್ನು ತೆಗೆಯಿರಿ.

ಈ ವಾರ ಒಂದು ಗ್ಯಾಲಕ್ಸಿ ಆರಿಸಿ. ಅದರ ಹೇಲೋದಿಂದ ಇಪ್ಪತ್ತು ನಕ್ಷತ್ರಗಳ ಐಡಿ ಬರೆದುಕೊಂಡು ಕೈಯಾರೆ ಹಿಂದಕ್ಕೆ ಹೋಗಿ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಸ್ನ್ಯಾಪ್‌ಶಾಟ್ ನಂಬರ್ ಸಮೇತ ಕೆಳಗೆ ಬರೆಯಿರಿ, ನಾನು ತೆರೆದು ನೋಡುತ್ತೇನೆ.