ರಬ್ಬರ್ ಮುಖದ ದೆವ್ವದಲ್ಲಿ ಏನಿದೆ?
ಮುಖವಾಡದ ಅಂಚು ಎದ್ದು ಕಾಣುವ ಹಳೆಯ ದೆವ್ವದ ಸಿನಿಮಾಗಳಲ್ಲಿ ಏನಿದೆ ಎಂದು ಕೇಳಿದ್ದೀರಿ. ಆ ಅಂಚೇ ಇದೆ, ಸ್ವಾಮಿ!

ಹಾಲಿವುಡ್ ನಿರ್ದೇಶಕ ಎಡ್ ವುಡ್‌ನ ‘ಪ್ಲಾನ್ 9 ಫ್ರಂ ಔಟರ್ ಸ್ಪೇಸ್’ ನೋಡಿ. ಅದರಲ್ಲಿ ಕಾಣಿಸಿಕೊಳ್ಳುವ ನಟ ಬೆಲಾ ಲುಗೋಸಿ, ಸಿನಿಮಾ ಮುಗಿಯುವ ಮೊದಲೇ, 1956ರಲ್ಲಿ ತೀರಿಕೊಂಡರು. ಅವರ ಜಾಗಕ್ಕೆ ನಿರ್ದೇಶಕ ಕರೆತಂದದ್ದು ಯಾರನ್ನು? ತನ್ನ ಹೆಂಡತಿಗೆ ಬೆನ್ನುಮೂಳೆ ಚಿಕಿತ್ಸೆ ಕೊಡುತ್ತಿದ್ದವನನ್ನು! ಲುಗೋಸಿಗಿಂತ ಎತ್ತರದ ಆಳು, ಹೋಲಿಕೆ ಸೊನ್ನೆ. ಹಾಗಾಗಿ ಆತ ಕರಿ ಹೊದಿಕೆಯಿಂದ ಮುಖ ಮುಚ್ಚಿಕೊಂಡೇ ಓಡಾಡುತ್ತಾನೆ. ಕೈಯಲ್ಲಿ ಕಾಸಿಲ್ಲದವನ ಈ ಹಟ ನನಗೆ ಬಹಳ ಇಷ್ಟ.

ನಮ್ಮ ಸಕಲೇಶಪುರದ ಮಳೆಗಾಲದ ರಾತ್ರಿ, ಕರೆಂಟು ಬಂದು ಹೋಗುವುದರ ನಡುವೆ, ಸುಟ್ಟ ಹಲಸಿನ ಬೀಜ ಬಿಡಿಸುತ್ತಾ ನೋಡಬೇಕು. ಒಬ್ಬರೇ ಮಾತ್ರ ಬೇಡ. ಹೆದರಿಕೆಗಲ್ಲ, ನಗುವುದಕ್ಕೆ ಜೊತೆ ಬೇಕು. ಮುಖ ಮುಚ್ಚಿದ ಆ ದೆವ್ವವನ್ನು ಕಂಡು ನಮ್ಮ ಅಜ್ಜಿ, “ಪಾಪ, ಅದಕ್ಕೆ ನೆಗಡಿಯಾಗಿರಬೇಕು” ಎಂದುಬಿಟ್ಟರು.