ಬೆಳಗ್ಗೆ ಸೊನ್ನೆ ತೋರಿಸುವ ಎಣ್ಣೆ ಮೀಟರ್

ಪ್ರಶ್ನೆ: ನಾನು ಸಕ್ಕರೆ ಕಾರ್ಖಾನೆಯಲ್ಲಿ ಫಿಟರ್. ಗೇರ್‌ಬಾಕ್ಸ್‌ಗೆ 12 ಮಿ.ಮೀ. ಒಳವ್ಯಾಸದ, ಸುಮಾರು 10 ಮೀಟರ್ ಉದ್ದದ ಪೈಪಿನಲ್ಲಿ ವಿಜಿ 320 ಎಣ್ಣೆ ಹೋಗುತ್ತದೆ. ನಿಮಿಷಕ್ಕೆ 4 ಲೀಟರ್ ಬೇಕು. ಚಳಿಗಾಲದಲ್ಲಿ ಬೆಳಗ್ಗೆ ಪಂಪ್ ಹಾಕಿದಾಗ ಟರ್ಬೈನ್ ಫ್ಲೋಮೀಟರ್ ಸೊನ್ನೆ ತೋರಿಸುತ್ತದೆ. ಎಣ್ಣೆ ಬಿಸಿಯಾದ ಮೇಲೆ ಸರಿಹೋಗುತ್ತದೆ. ಮೀಟರ್ ಕೆಟ್ಟಿದೆಯೇ?
– ಓದುಗರೊಬ್ಬರು, ಚಿಕ್ಕೋಡಿ

ಉತ್ತರ: ಕೆಟ್ಟಿಲ್ಲ, ಆ ಜಾಗಕ್ಕೆ ಅದು ತಕ್ಕದ್ದಲ್ಲ. ಆದರೆ ಮೀಟರನ್ನು ಬೈಯುವ ಮೊದಲು ರಿಲೀಫ್ ವಾಲ್ವಿನಿಂದ (ಒತ್ತಡ ಮಿತಿ ಮೀರಿದರೆ ತೆರೆದುಕೊಳ್ಳುವ ವಾಲ್ವ್) ಟ್ಯಾಂಕಿಗೆ ಮರಳುವ ಪೈಪನ್ನು ನೋಡಿ. ಸೊನ್ನೆ ನಿಜವೇ ಇರಬಹುದು!

320 ಎಂಬುದು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಣ್ಣೆಯ ಸ್ನಿಗ್ಧತೆ, ಅಂದರೆ ಹರಿಯಲು ಅದು ಒಡ್ಡುವ ಅಡ್ಡಿ, ಸೆಂಟಿಸ್ಟೋಕ್ ಮಾನದಲ್ಲಿ. 20 ಡಿಗ್ರಿಗೆ ಇಳಿದರೆ ಅದೇ ಎಣ್ಣೆ 1,200ರ ಆಸುಪಾಸಿಗೆ ಏರಿ, ನಿಮ್ಮ ಕಾಕಂಬಿಯ ದಾಯಾದಿಯಾಗುತ್ತದೆ. ನೀವು ಕೊಟ್ಟ ಅಳತೆಗೆ ಲೆಕ್ಕ ಹಾಕಿದೆ: ಪ್ರತಿ ಮೀಟರ್ ಪೈಪಿಗೆ ಸುಮಾರು 1.4 ಬಾರ್, ಹತ್ತು ಮೀಟರಿಗೆ 14 ಬಾರ್ ಒತ್ತಡ ಬರೀ ಘರ್ಷಣೆಗೇ ಹೋಗುತ್ತದೆ. ವಾಲ್ವ್ ಅದಕ್ಕಿಂತ ಕಡಿಮೆಗೆ ಕೂತಿದ್ದರೆ ಎಣ್ಣೆ ಸುಲಭದ ದಾರಿ ಹಿಡಿದು ಟ್ಯಾಂಕಿಗೆ ಮರಳುತ್ತದೆ, ಗೇರುಗಳು ಒಣಗಿರುತ್ತವೆ. ವಾಲ್ವಿನ ಸ್ಕ್ರೂ ಬಿಗಿ ಮಾಡುವ ಚಪಲ ಬೇಡ. ಪೈಪಿನ ವ್ಯಾಸ ಇಮ್ಮಡಿಯಾದರೆ ಈ ನಷ್ಟ ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇಲ್ಲವೇ ಟ್ಯಾಂಕಿಗೆ ಹೀಟರ್ ಹಾಕಿ, ಎಣ್ಣೆ ಬೆಚ್ಚಗಾದ ಮೇಲೆಯೇ ಗಾಣ ತಿರುಗಿಸಿ.

ಇನ್ನು ಮೀಟರ್. ಹರಿವು ನಯವಾಗಿದೆಯೋ ಕಲಕಿದೆಯೋ ಎಂದು ಹೇಳುವ ರೆನಾಲ್ಡ್ಸ್ ಸಂಖ್ಯೆ ನಿಮ್ಮ ಪೈಪಿನಲ್ಲಿ ಸುಮಾರು 6. ಹರಿವು ಪ್ರಕ್ಷುಬ್ಧವಾಗಲು 2,300 ದಾಟಬೇಕು. ಇಂಥ ತೆವಳುವ ಎಣ್ಣೆಯಲ್ಲಿ ಟರ್ಬೈನಿನ ಪುಟ್ಟ ರೆಕ್ಕೆಗಳು ಅಂಟಿನಲ್ಲಿ ಸಿಕ್ಕಿಕೊಳ್ಳುತ್ತವೆ. ತಿರುಗಿದರೂ ಲೆಕ್ಕ ತಪ್ಪು. ಓವಲ್ ಗೇರ್ ಮೀಟರ್ ತನ್ನಿ. ಒಂದಕ್ಕೊಂದು ಕಚ್ಚಿಕೊಂಡ ಎರಡು ಅಂಡಾಕಾರದ ಗಾಲಿಗಳು ಪ್ರತಿ ಸುತ್ತಿಗೆ ಇಂತಿಷ್ಟೇ ಎಣ್ಣೆಯನ್ನು ಹೊತ್ತು ದಾಟಿಸುತ್ತವೆ. ಎಣ್ಣೆ ದಪ್ಪವಿದ್ದಷ್ಟೂ ಸಂದಿಗಳಲ್ಲಿ ಸೋರುವುದು ಕಡಿಮೆ. ಎಣ್ಣೆ ಅದರೊಳಗೆ ಹೋಗುವ ಮೊದಲು ಸ್ಟ್ರೇನರ್ (ಕಸ ಹಿಡಿಯುವ ಜಾಲರಿ) ಇರಲಿ, ಗಾಲಿಗಳ ಅಕ್ಷಗಳು ನೆಲಕ್ಕೆ ಸಮಾನಾಂತರವಾಗಿರಲಿ, ಪಂಪಿನ ಹೀರುವ ಕಡೆಗೆ ಮಾತ್ರ ಕೂರಿಸಬೇಡಿ. ನೊರೆ ಬಂದರೆ ಮೀಟರ್ ಗಾಳಿಯನ್ನೂ ಎಣ್ಣೆಯೆಂದೇ ಎಣಿಸುತ್ತದೆ.

ಮೀಟರನ್ನು ನಂಬಲು ನನಗೆ ಡಬ್ಬ, ತಕ್ಕಡಿ, ಗಡಿಯಾರ ಬೇಕು. ಪೈಪಿನ ಕೊನೆಯನ್ನು ಬಿಚ್ಚಿ ಒಂದು ನಿಮಿಷ ಹಿಡಿಯಿರಿ. ಲೀಟರ್ ಗೆರೆ ನೋಡದೆ ತೂಗಿ, ಏಕೆಂದರೆ ನೊರೆ ಗೆರೆಯನ್ನು ಮೋಸಗೊಳಿಸುತ್ತದೆ. 4 ಲೀಟರಿಗೆ ಸುಮಾರು 3.6 ಕಿಲೋ ಬರಬೇಕು. ಗೇರ್‌ಬಾಕ್ಸ್ ನಿಂತಿರುವಾಗಲೇ ಇದನ್ನು ಮಾಡಿ.

ಆರ್ಡರ್ ಕೊಡುವಾಗ ಬರೀ "320 ಎಣ್ಣೆ" ಎಂದು ಬರೆಯಬೇಡಿ. ಚಳಿಗಾಲದ ಬೆಳಗಿನ ಉಷ್ಣಾಂಶವನ್ನೂ, ಮೀಟರಿನಲ್ಲಿ ಎಷ್ಟು ಒತ್ತಡ ಕಳೆದುಕೊಳ್ಳಲು ನೀವು ಸಿದ್ಧರಿದ್ದೀರಿ ಎಂಬುದನ್ನೂ ಬರೆಯಿರಿ. ಮಾರುವವರ ಉತ್ತರ ನೋಡಿದ ಮೇಲೆ ಒಂದು ಅಳತೆ ದೊಡ್ಡ ಮೀಟರನ್ನೇ ಆರಿಸಬೇಕಾದೀತು.