ಹೊಳೆಬದಿಯ ಪ್ರಶ್ನೋತ್ತರ: ಕಾವೇರಿಯಲ್ಲಿ ಬಾಸ್ ಸಿಗುತ್ತದೆಯೇ?

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ಅಣ್ಣನ ಮಗ ಮಾರ್ಚ್ ಕೊನೆಗೆ ಊರಿಗೆ ಬರುತ್ತಾನೆ. ಅಲ್ಲಿ ವಸಂತದಲ್ಲಿ ನದಿಯ ಅಂಚಿನಲ್ಲೇ ನಿಂತು ಬಾಸ್, ಕ್ಯಾಟ್‌ಫಿಶ್ ಹಿಡಿಯುತ್ತಾನಂತೆ. ಸಿದ್ದಾಪುರದ ಕಡೆ ಕಾವೇರಿಯಲ್ಲಿ ಅವನನ್ನು ಎಲ್ಲಿ ಕೂರಿಸಲಿ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಬಾಸ್ ಆಸೆಯನ್ನು ವಿಮಾನ ಹತ್ತುವ ಮೊದಲೇ ಬಿಟ್ಟುಬರಲು ಹೇಳಿ. ಅದು ಉತ್ತರ ಅಮೆರಿಕದ ಮೀನು. ಚಳಿಗಾಲವಿಡೀ ಆಳದಲ್ಲಿ ಮಂಕಾಗಿ ಬಿದ್ದಿರುವ ಬಾಸ್, ನೀರು 15ರಿಂದ 20 ಡಿಗ್ರಿಯಷ್ಟು ಬೆಚ್ಚಗಾದಾಗ ಮೊಟ್ಟೆಯಿಡಲು ದಡಕ್ಕೆ ಬರುತ್ತದೆ. ಗಂಡು ಬಾಲದಿಂದ ತಳ ಗುಡಿಸಿ ಗೂಡು ಮಾಡಿ ಕಾವಲು ನಿಲ್ಲುತ್ತದೆ. ನಿಮ್ಮ ಹುಡುಗನಿಗೆ ಅಂಚಿನಲ್ಲೇ ಮೀನು ಸಿಗುವುದು ಅದಕ್ಕೆ.

ನಮ್ಮ ಹೊಳೆಯ ಲೆಕ್ಕ ಬೇರೆ. ಇಲ್ಲಿನ ಹೆಚ್ಚಿನ ಮೀನುಗಳು ಕಾಯುವುದು ಮುಂಗಾರನ್ನು. ಕೆಂಪು ನೀರು ತೋಡಿಗೆ ನುಗ್ಗಿ ಗದ್ದೆಗೇರಿದಾಗ ಅವೂ ಜೊತೆಗೆ ಏರುತ್ತವೆ. ಮಾರ್ಚ್‌ನಲ್ಲಾದರೋ ಕಾಫಿ ಹೂ ಅರಳಿಸುವ ಹೂಮಳೆ ಬಂದರೂ ಬಾರದಿದ್ದರೂ ಹೊಳೆ ಬಡವಾಗಿರುತ್ತದೆ. ಕಾಫಿಗೆ ನೀರು ಹಾರಿಸುವ ಪಂಪುಗಳು ಹಗಲಿಡೀ ಗುಡುಗುತ್ತವೆ. ಮೀನು ಮಡುಗಳಿಗೆ ಇಳಿದಿರುತ್ತದೆ.

ಕ್ಯಾಟ್‌ಫಿಶ್ ಬಳಗ ಮಾತ್ರ ನಮ್ಮಲ್ಲೂ ಇದೆ. ಬಾಳೆಮೀನಿಗೆ ಪ್ರಯತ್ನಿಸಲಿ. ಮೈಮೇಲೆ ಹುರುಪೆಯಿಲ್ಲ, ಬಾಯಿ ಮಾತ್ರ ಚೀಲದಷ್ಟು. ಗಾಳಕ್ಕೆ ಕೋಳಿಕರುಳು ಚುಚ್ಚಿ, ಸೀಸ ಕಟ್ಟಿ ತಳಕ್ಕೆ ಬಿಡಬೇಕು, ಬೆಂಡು ಬೇಡ. ಅದರ ಸಣ್ಣ ಹಲ್ಲುಗಳು ದಾರವನ್ನು ಸವೆಸುತ್ತವೆ, ಆದ್ದರಿಂದ ಗಾಳದ ಹತ್ತಿರ ಒಂದು ಗೇಣು ತಂತಿ ಇರಲಿ. ಅದು ರಾತ್ರಿ ಬೇಟೆಯಾಡುವ ಮೀನು, ಸಂಜೆಯಾದಂತೆ ಚುರುಕಾಗುತ್ತದೆ. ಆದರೆ ಸಿದ್ದಾಪುರದಲ್ಲಿ ಕತ್ತಲಾದಂತೆ ಆನೆಯೂ ನೀರಿಗಿಳಿಯುತ್ತದೆ. ಮೀನೇ ಕಚ್ಚಿದ್ದರೂ ಸರಿ, ಬೆಳಕಿರುವಾಗಲೇ ಎದ್ದು ಬನ್ನಿ.

ನೀರಿನ ಮೇಲೆ ಕೆಂಪು ಮರಿಗಳ ಗುಂಪು ಕುದಿಯುವಂತೆ ಕಂಡರೆ ಅಲ್ಲಿ ಗಾಳ ಹಾಕಬೇಡಿ. ಕೆಳಗೆ ಕೊರವ ಮೀನಿನ ಜೋಡಿ ಕಾವಲಿರುತ್ತದೆ. ನನ್ನ ಹುಡುಗುಬುದ್ಧಿಯಲ್ಲಿ ಒಮ್ಮೆ ಕಪ್ಪೆಮರಿ ತೋರಿಸಿ ಎರಡನ್ನೂ ಎತ್ತಿದ್ದೆ. ಮರುದಿನ ಹೋದಾಗ ಅಂಗೈಯಗಲದ ಆ ಕೆಂಪು ಇರಲಿಲ್ಲ. ಸಾರು ರುಚಿಯಾಗಿತ್ತು ಎಂಬುದೂ ಸುಳ್ಳಲ್ಲ.

ದೊಡ್ಡ ಮಹಶೀರ್ ಬಿದ್ದರೆ ನೀರಿನಲ್ಲೇ ಗಾಳ ಬಿಡಿಸಿ ಬಿಟ್ಟುಬಿಡಲಿ. ಕಾವೇರಿಯ ಡುಬ್ಬದ ಮಹಶೀರ್ 2018ರಿಂದ ಅಳಿವಿನ ತುತ್ತತುದಿಯಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಕೂರುವ ಜಾಗಕ್ಕೆ ಅನುಮತಿ ಬೇಕೇ ಎಂದು ಮೀನುಗಾರಿಕೆ, ಅರಣ್ಯ ಇಲಾಖೆಗಳಲ್ಲಿ ಮೊದಲೇ ವಿಚಾರಿಸಿ.

ಪ್ರಶ್ನೆ: ಬಲೆ ಬಿಡಿಸುವಾಗ ಚೇಳುಮೀನು ಚುಚ್ಚಿದರೆ ಏನು ಮಾಡಬೇಕು?
– ಓದುಗರೊಬ್ಬರು, ಕುಶಾಲನಗರ

ಉತ್ತರ: ಎದೆಯ ಪಕ್ಕದ ರೆಕ್ಕೆಯ ಮುಳ್ಳಿನಲ್ಲಿ ವಿಷವಿದೆ. ಕೈಯನ್ನು ತಾಳುವಷ್ಟು ಬಿಸಿ ನೀರಿನಲ್ಲಿ ಅದ್ದಿಡಿ. ಶಾಖಕ್ಕೆ ಆ ವಿಷದ ಬಿಗಿ ಸಡಿಲುತ್ತದೆ. ನೀರಿನ ಬಿಸಿಯನ್ನು ಚುಚ್ಚಿಸಿಕೊಳ್ಳದ ಕೈಯಿಂದ ನೋಡಿಕೊಳ್ಳಿ, ನೋವಿನಲ್ಲಿ ಸುಟ್ಟದ್ದು ತಿಳಿಯುವುದಿಲ್ಲ. ಮುಳ್ಳು ಒಳಗೆ ಮುರಿದಿದ್ದರೆ ವೈದ್ಯರೇ ತೆಗೆಯಲಿ.